ಗಾಡಿಯಲ್ಲಿ ಬಿಡಾರ, ಬಂಡೆಯ ಪಕ್ಕ ಡಿಶ್: ಹೋದಲ್ಲೆಲ್ಲ ಟಿವಿ ಹಿಡಿಸುವುದು ಹೇಗೆ?

"ಟೆಂಪೊ ಟ್ರಾವೆಲರ್‌ನ ಸೀಟು ತೆಗೆಸಿ ಮಂಚ ಹಾಕಿಸಿದ್ದೇವೆ. ಆನೆಗೊಂದಿ ಕಡೆ ಎರಡು ರಾತ್ರಿ ಇರುವ ಯೋಚನೆ. ಮನೆಯ ಡಿಶ್ ಒಯ್ದರೆ ಟಿವಿ ಬರುತ್ತದೆಯೇ?" ಗವಿಮಠದ ಜಾತ್ರೆ ಹತ್ತಿರ ಬಂದಾಗ, ಹುಲಿಗಿಗೆ ಗಾಡಿ ಕಟ್ಟುವಾಗ, ಕ್ರಿಕೆಟ್ ಸರಣಿ ಶುರುವಾದಾಗ ಓದುಗರು ಇದನ್ನೇ ಕೇಳುತ್ತಾರೆ. ಬರುತ್ತದೆ. ಆದರೆ ಡಿಶ್ ಅನ್ನು ಆಕಾಶಕ್ಕೆ ಮುಖ ಮಾಡಿ ಅತ್ತಿತ್ತ ತಿರುಗಿಸುತ್ತ ಕೂತರೆ ಬರುವುದಿಲ್ಲ. ಹಾಗೆ ತಿರುಗಿಸಿ ತಿರುಗಿಸಿ, ಕೊನೆಗೆ ಬೈದುಕೊಂಡು ಡಿಶ್ಶನ್ನು ಗಾಡಿಯೊಳಗೆ ಎಸೆದವರನ್ನು ಬೇಕಾದಷ್ಟು ನೋಡಿದ್ದೇನೆ.

ಫೋನಿನಲ್ಲೇ ನೋಡಬಹುದಲ್ಲ ಎನ್ನುವವರಿಗೆ ಒಂದು ಮಾತು. ಬಂಡೆಗಳ ಸಂದಿಯಲ್ಲಿ ಟವರ್ ಸಿಗುವುದು ಕಷ್ಟ. ಜಾತ್ರೆಯಲ್ಲಿ ಟವರ್ ಎದುರಿಗೇ ಇದ್ದರೂ ಲಕ್ಷಾಂತರ ಫೋನುಗಳ ನಡುವೆ ವಿಡಿಯೊ ಗಿರಗಿರ ತಿರುಗುತ್ತಲೇ ಇರುತ್ತದೆ. ಉಪಗ್ರಹಕ್ಕೆ ಕೆಳಗೆ ಎಷ್ಟು ಜನ ಕೂತಿದ್ದಾರೆ ಎಂಬ ಚಿಂತೆ ಇಲ್ಲ.

ಇಲ್ಲಿ ಹೇಳುವುದೆಲ್ಲ ದೂರದರ್ಶನದ ಡಿಡಿ ಫ್ರೀ ಡಿಶ್ ಲೆಕ್ಕದಲ್ಲಿ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ, ವರ್ಷಕ್ಕೆ ನಾಲ್ಕು ದಿನ ನೋಡುವ ಗಾಡಿಗೆ ಹೇಳಿ ಮಾಡಿಸಿದ್ದು. ಡಿಡಿ ಚಂದನ ಇದೆ, ಡಿಡಿ ಸ್ಪೋರ್ಟ್ಸ್ ಇದೆ. ಖಾಸಗಿ ಡಿಟಿಎಚ್ ಇರುವವರಿಗೂ ವಿಧಾನ ಇದೇ, ಕೋನ ಮಾತ್ರ ಬೇರೆ. ಅದನ್ನು ಮುಂದೆ ಹೇಳುತ್ತೇನೆ. ಇನ್ನೊಂದು ಮಾತು: ಇದು ಗಾಡಿ ನಿಂತಾಗ ನೋಡುವ ಟಿವಿ. ಓಡುವ ಗಾಡಿಯಲ್ಲಿ ತಾನೇ ತಿರುಗಿ ಉಪಗ್ರಹ ಹಿಡಿಯುವ ಡಿಶ್‌ಗಳೂ ಇವೆ, ಆದರೆ ಅವುಗಳ ಬೆಲೆ ಕೇಳಿದರೆ ಟಿವಿಯ ಆಸೆಯೇ ಹೋಗುತ್ತದೆ.

ಏನೇನು ಬೇಕು

60 ಸೆಂಟಿಮೀಟರ್ ಡಿಶ್. ಅದರ ಮುಂದಿನ ಕೈಗೆ ಸಿಕ್ಕಿಸುವ ಮೂತಿ, ಅಂದರೆ ಎಲ್‌ಎನ್‌ಬಿ. ಡಿಶ್ ಬರೀ ಕನ್ನಡಿಯಿದ್ದಂತೆ, ಸಿಗ್ನಲ್ ಹಿಡಿಯುವುದು ಈ ಮೂತಿಯೇ. ಎಂಪೆಗ್-4 ಸೆಟ್‌ಟಾಪ್ ಬಾಕ್ಸ್ ತೆಗೆದುಕೊಳ್ಳಿ, ಹಳೆಯ ಎಂಪೆಗ್-2 ಬಾಕ್ಸಿನಲ್ಲಿ ಕೆಲವು ವಾಹಿನಿಗಳು ಬರುವುದಿಲ್ಲ. ಆರ್‌ಜಿ-6 ಕೇಬಲ್ 10ರಿಂದ 15 ಮೀಟರ್. ಇದು ಡಿಶ್‌ಗೆ ಬಳಸುವ ದಪ್ಪ ಕಪ್ಪು ಕೇಬಲ್, ಎರಡೂ ತುದಿಗೆ ತಿರುಪು ಹಾಕುವ ಎಫ್ ಕನೆಕ್ಟರ್ ಇರುತ್ತದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಬೇಕು, ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದರೆ ಪೇಟೆಯದಕ್ಕಿಂತ ಗಟ್ಟಿ. 10 ಮತ್ತು 13ರ ಸ್ಪ್ಯಾನರ್, ಒಂದು ಸ್ಪಿರಿಟ್ ಲೆವೆಲ್ ಇಲ್ಲವೇ ಗೌಂಡಿಗಳ ತೂಗುಗುಂಡು, ಖಾಲಿ ಸಿಮೆಂಟ್ ಚೀಲ ಮೂರು, ಒಂದು ಶೀಶೆ ನೇಲ್ ಪಾಲಿಶ್.

ನೇಲ್ ಪಾಲಿಶ್ ಏಕೆಂದು ನಗಬೇಡಿ. ಇಡೀ ಕೆಲಸ ನಿಂತಿರುವುದು ಅದರ ಮೇಲೆ.

1. ಮನೆಯ ಮಾಳಿಗೆಯ ಮೇಲೆ ಒಮ್ಮೆ ಹಿಡಿಸಿ

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿದ್ದು. ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುವುದರಿಂದ ನಮ್ಮ ಕಣ್ಣಿಗೆ ಒಂದೇ ಜಾಗದಲ್ಲಿ ನಿಂತಂತೆ.

ಅದನ್ನು ಹಿಡಿಯಲು ಮೂರು ಕೋನ ಕೂಡಿಬರಬೇಕು. ಉತ್ತರದಿಂದ ಗಡಿಯಾರದ ಮುಳ್ಳಿನಂತೆ ಎಷ್ಟು ತಿರುಗಬೇಕೆಂಬುದು ದಿಕ್ಕಿನ ಕೋನ. ನೆಲಮಟ್ಟದಿಂದ ಎಷ್ಟು ಮೇಲೆ ನೋಡಬೇಕೆಂಬುದು ಎತ್ತರದ ಕೋನ. ಮೂತಿಯನ್ನು ಅದರ ಹಿಡಿಕೆಯೊಳಗೆ ಎಷ್ಟು ತಿರುಚಬೇಕೆಂಬುದು ಮೂರನೆಯದು, ಮೆಕ್ಯಾನಿಕ್‌ಗಳು ಸ್ಕ್ಯೂ ಎನ್ನುತ್ತಾರೆ.

ಈಗ ನಮ್ಮ ಮೂರು ಊರುಗಳ ಲೆಕ್ಕ ನೋಡಿ. ದಿಕ್ಕು ಕೊಪ್ಪಳದಲ್ಲಿ 130 ಡಿಗ್ರಿ, ಬಳ್ಳಾರಿಯಲ್ಲಿ 131, ರಾಯಚೂರಿನಲ್ಲಿ 134. ಎತ್ತರ ಮೂರೂ ಕಡೆ 63ರಿಂದ 64ರೊಳಗೆ. ಅಂದರೆ ಸಂಡೂರಿಗೆ ಹೋಗಿ, ಮುದಗಲ್‌ಗೆ ಹೋಗಿ, ಹುಲಿಗಿಗೆ ಹೋಗಿ, ಎತ್ತರವನ್ನೂ ಮೂತಿಯ ತಿರುಚನ್ನೂ ಮುಟ್ಟುವ ಅಗತ್ಯವೇ ಬರುವುದಿಲ್ಲ. ಮನೆಯಲ್ಲಿ ಒಮ್ಮೆ ಸರಿಯಾಗಿ ಕೂಡಿಸಿ, ಎತ್ತರದ ಬೋಲ್ಟ್ ಬಿಗಿದು, ಬ್ರಾಕೆಟ್ಟಿನ ಎರಡು ತುಂಡು ಸೇರುವಲ್ಲಿ ನೇಲ್ ಪಾಲಿಶ್‌ನಿಂದ ಒಂದೇ ಗೆರೆ ಎಳೆಯಿರಿ. ಮೂತಿಗೂ ಅದರ ಹಿಡಿಕೆಗೂ ಸೇರಿಸಿ ಇನ್ನೊಂದು ಗೆರೆ. ಬಯಲಿನಲ್ಲಿ ಉಳಿಯುವುದು ದಿಕ್ಕು ಒಂದೇ. ಮೂರು ಕೋನವನ್ನು ಕತ್ತಲಲ್ಲಿ, ಟಾರ್ಚ್ ಹಿಡಿದು, ಮಕ್ಕಳು "ಬಂತಾ? ಬಂತಾ?" ಎನ್ನುತ್ತಿರುವಾಗ ಹುಡುಕುವುದಕ್ಕೂ ಒಂದನ್ನೇ ಹುಡುಕುವುದಕ್ಕೂ ಬಹಳ ವ್ಯತ್ಯಾಸ.

ಮಾರ್ಕರ್ ಪೆನ್ನಿನ ಗೆರೆ ಒಂದು ಮಳೆಗೆ, ಒಂದು ಬಳ್ಳಾರಿ ಬಿಸಿಲಿಗೆ ಹೋಗುತ್ತದೆ. ನೇಲ್ ಪಾಲಿಶ್ ಹೋಗುವುದಿಲ್ಲ.

ಮನೆಯಲ್ಲಿ ಮಾಡುವಾಗ ಮುಂದಿನ ಹಂತಗಳನ್ನೆಲ್ಲ ಮಾಡಿಯೇ ಗೆರೆ ಎಳೆಯಬೇಕು. ಹಾಗಾಗಿ ಲೇಖನ ಪೂರ್ತಿ ಓದಿ, ಆಮೇಲೆ ಮಾಳಿಗೆ ಹತ್ತಿ.

ಖಾಸಗಿ ಡಿಟಿಎಚ್‌ನವರಿಗೆ ಕೊಪ್ಪಳದ ಲೆಕ್ಕ: ಟಾಟಾ ಪ್ಲೇ ಇರುವುದು 83 ಡಿಗ್ರಿ ಪೂರ್ವದಲ್ಲಿ, ದಿಕ್ಕು 156, ಎತ್ತರ 70. ಏರ್‌ಟೆಲ್ 108.2ರಲ್ಲಿ, ದಿಕ್ಕು 113, ಎತ್ತರ 49.

2. ಜಾಗ: ಬಂಡೆಗಿಂತ ಮರಕ್ಕೆ ಹೆದರಿ

ಆನೆಗೊಂದಿ, ಸಾಣಾಪುರದ ಸುತ್ತ ಬಂಡೆ ನೋಡಿದವರಿಗೆ "ಇದರ ಮಧ್ಯೆ ಸಿಗ್ನಲ್ ಎಲ್ಲಿ ಬರುತ್ತದೆ" ಎನ್ನಿಸುತ್ತದೆ. ಉಪಗ್ರಹ 63 ಡಿಗ್ರಿ ಎತ್ತರದಲ್ಲಿದೆ, ಹೆಚ್ಚುಕಡಿಮೆ ನೆತ್ತಿಯ ಕಡೆಗೆ. ಲೆಕ್ಕ ಸುಲಭ: ಎದುರಿನ ಅಡ್ಡಿ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರ ಇದ್ದರೆ ಸಾಕು. 20 ಅಡಿ ಬಂಡೆಯಿಂದ 12 ಅಡಿ ಹಿಂದೆ ಸರಿದರೆ ಆಕಾಶ ತೆರೆಯುತ್ತದೆ.

ಮರದ ವಿಷಯ ಬೇರೆ. ಬೇಸಿಗೆಯಲ್ಲಿ ಎಲ್ಲರೂ ಗಾಡಿ ನಿಲ್ಲಿಸುವುದು ಬೇವು, ಹುಣಸೆಯ ಕೆಳಗೇ. ನಿಲ್ಲಿಸಿ, ತಪ್ಪಿಲ್ಲ. ಡಿಶ್ ಮಾತ್ರ ನೆರಳಿನಿಂದ ಹೊರಗೆ ಇರಲಿ, ಕೇಬಲ್ 15 ಮೀಟರ್ ತನ್ನಿ ಎಂದದ್ದು ಇದಕ್ಕೇ. ಎಲೆಯ ಸಂದಿಯಿಂದ ಆಕಾಶ ಕಾಣುತ್ತಿದೆ, ಬರಬಹುದು ಎಂದುಕೊಳ್ಳಬೇಡಿ. ಎಲೆಯಲ್ಲಿರುವ ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ, ಗಾಳಿ ಬೀಸಿದಾಗಲೊಮ್ಮೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಎರಡು ಎಚ್ಚರಿಕೆ. ತುಂಗಭದ್ರೆಯ ಪಾತ್ರದೊಳಗೆ, ಉಸುಕಿನ ಮೇಲೆ ಬಿಡಾರ ಹೂಡಬೇಡಿ. ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ನೋಡನೋಡುತ್ತ ಏರುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದದ್ದು ನೆನಪಿರಲಿ, ಅಂಥದ್ದು ಹೇಳಿ ಬರುವುದಿಲ್ಲ. ಎರಡನೆಯದು, ಹಂಪಿ–ಆನೆಗೊಂದಿ ಸೀಮೆಯಲ್ಲಿ ಕಂಡ ಕಂಡ ಕಲ್ಲಿಗೆ ಕ್ಲಾಂಪ್ ಬಿಗಿಯುವುದು, ಮೊಳೆ ಹೊಡೆಯುವುದು ಬೇಡವೇ ಬೇಡ. ನೀವು ಬರೀ ಬಂಡೆ ಎಂದುಕೊಂಡದ್ದು ಮಂಟಪದ ಬುಡವಾಗಿರಬಹುದು. ಉಳಿಯಲು ಜಾಗದವರ ಅನುಮತಿ ಕೇಳಿಯೇ ಗಾಡಿ ನಿಲ್ಲಿಸಿ.

3. ಕಂಬ ನೆಟ್ಟಗೆ ನಿಲ್ಲಲಿ

ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲಿ. ಸ್ಟ್ಯಾಂಡಿನ ಕಂಬ ಒಂದಿಷ್ಟು ವಾಲಿದ್ದರೆ ಮನೆಯಲ್ಲಿ ಎಳೆದ ಎತ್ತರದ ಗೆರೆಗೆ ಅರ್ಥವೇ ಇಲ್ಲ. ಕಂಬ 3 ಡಿಗ್ರಿ ವಾಲಿದರೆ ಡಿಶ್ ಕೂಡ 3 ಡಿಗ್ರಿ ಬೇರೆ ಕಡೆ ನೋಡುತ್ತದೆ, ಉಪಗ್ರಹ ತಪ್ಪಲು ಅಷ್ಟು ಸಾಕು. ತೂಗುಗುಂಡನ್ನು ಕಂಬದ ಪಕ್ಕ ಇಳಿಬಿಟ್ಟು ಒಮ್ಮೆ ಮುಂದಿನಿಂದ, ಒಮ್ಮೆ ಬದಿಯಿಂದ ನೋಡಿ. ಎರಡೂ ಕಡೆಯಿಂದ ದಾರ ಕಂಬಕ್ಕೆ ಸಮನಾಗಿ ಕಾಣಬೇಕು. ಗೌಂಡಿಗಳು ಗೋಡೆ ನೋಡುವ ಕಣ್ಣಿನಿಂದಲೇ ನೋಡಿ.

ಕಾಲು ಊರುವುದು ನೆಲದ ಮೇಲೆ ಅವಲಂಬಿಸಿದೆ. ರಾಯಚೂರು, ಸಿಂಧನೂರು ಕಡೆಯ ಎರೆ ಹೊಲದಲ್ಲಿ ಸಂಜೆ ನೆಟ್ಟಗಿದ್ದ ಸ್ಟ್ಯಾಂಡ್ ಒಂದು ಮಳೆ ಬಿದ್ದರೆ ಬೆಳಗ್ಗೆ ಒಂದು ಕಾಲು ಮಡಚಿ ಕೂತಿರುತ್ತದೆ. ಪ್ರತಿ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಲ್ಲವೇ ಹಲಗೆಯ ತುಂಡು ಇಡಿ. ಕೊಪ್ಪಳ, ಗಂಗಾವತಿ ಕಡೆಯ ಕಲ್ಲುನೆಲದಲ್ಲಿ ಗೂಟ ಇಳಿಯುವುದಿಲ್ಲ. ಅಲ್ಲಿ ಸಿಮೆಂಟ್ ಚೀಲಕ್ಕೆ ಅರ್ಧ ಉಸುಕು ತುಂಬಿ ಪ್ರತಿ ಕಾಲಿನ ಮೇಲೊಂದು ಹೇರಿ. ಆಷಾಢದ ಗಾಳಿ ಈ ಬಯಲುಸೀಮೆಯಲ್ಲಿ ಎಂಥದ್ದೆಂದು ನಿಮಗೆ ಗೊತ್ತು, ಸುಮ್ಮನೆ ಇಲ್ಲಿ ಗಾಳಿಗಿರಣಿ ನೆಟ್ಟಿಲ್ಲ. ಅದರ ಮುಂದೆ ಡಿಶ್ ಎಂದರೆ ಹಾಯಿ ಇದ್ದಂತೆ.

ಗಾಡಿಯ ಮೇಲ್ಛಾವಣಿಗೆ ಡಿಶ್ ಕೂಡಿಸುವ ಆಸೆ ಕೆಲವರಿಗೆ. ಒಳಗೆ ಒಬ್ಬರು ಎದ್ದು ಓಡಾಡಿದರೂ ಗಾಡಿ ಸ್ಪ್ರಿಂಗಿನ ಮೇಲೆ ಅಲುಗುತ್ತದೆ, ಚಿತ್ರ ಹೋಗುತ್ತದೆ. ನೆಲವೇ ವಾಸಿ.

4. ದಿಕ್ಕು: ಒಲೆಯ ಮೂಲೆ

130 ಡಿಗ್ರಿ ಎಂದರೆ ಗಾಬರಿಯಾಗಬೇಡಿ. ಅದು ಆಗ್ನೇಯ, ಮನೆ ಕಟ್ಟುವಾಗ ಒಲೆ ಇಡಲು ಹೇಳುವ ಮೂಲೆ. ರಾಯಚೂರಿನಲ್ಲಂತೂ ಕರಾರುವಾಕ್ಕು ಆಗ್ನೇಯ.

ಫೋನಿನ ದಿಕ್ಸೂಚಿ ಬಳಸುವುದಾದರೆ ಗಾಡಿಯಿಂದ ಹತ್ತು ಹನ್ನೆರಡು ಅಡಿ ದೂರ ನಿಂತು ನೋಡಿ, ಸ್ಟ್ಯಾಂಡಿಗೂ ತಾಗಿಸಬೇಡಿ. ಫೋನನ್ನು ಬಾನೆಟ್ ಮೇಲಿಟ್ಟು ದಿಕ್ಕು ನೋಡಿ ನಾನೇ ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ. ಕಬ್ಬಿಣದ ಪಕ್ಕ ಮುಳ್ಳು ಇಪ್ಪತ್ತು ಮೂವತ್ತು ಡಿಗ್ರಿ ಸುಳ್ಳು ಹೇಳುತ್ತದೆ. ಸಂಡೂರಿನ ಗುಡ್ಡದಲ್ಲಿ ಅದಿರಿನಿಂದ ದಿಕ್ಸೂಚಿ ಕೆಡುತ್ತದೆ ಎಂದು ಹೇಳುವವರಿದ್ದಾರೆ. ಮೊದಲು ನಿಮ್ಮ ಗಾಡಿಯಿಂದ ದೂರ ಸರಿಯಿರಿ, ಅದಿರಿನ ಮಾತು ಆಮೇಲೆ.

ಫೋನಿಗಿಂತ ನನಗೆ ನಂಬಿಕೆ ಕೋಲಿನ ನೆರಳಿನ ಮೇಲೆ. ಡಿಸೆಂಬರ್ ಕೊನೆಯ ವಾರ ಕೊಪ್ಪಳದ ಸುತ್ತ ಬೆಳಗ್ಗೆ ಸುಮಾರು 9 ಗಂಟೆ 20 ನಿಮಿಷಕ್ಕೆ ಸೂರ್ಯ ಸರಿಯಾಗಿ 130 ಡಿಗ್ರಿ ದಿಕ್ಕಿನಲ್ಲಿರುತ್ತಾನೆ. ಜನವರಿ ನಡುವಿನಲ್ಲಿ, ಅಂದರೆ ಜಾತ್ರೆಯ ಹೊತ್ತಿಗೆ, 9 ಗಂಟೆ 40ರ ಆಸುಪಾಸು. ಆ ಹೊತ್ತಿಗೆ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಒಂದು ಕಲ್ಲಿಡಿ. ಕಲ್ಲಿನಿಂದ ಕೋಲಿನ ಬುಡಕ್ಕೆ ಎಳೆದ ಗೆರೆಯನ್ನು ಹಾಗೇ ಮುಂದುವರಿಸಿದರೆ ಅದೇ ಡಿಶ್‌ನ ಮುಖ ಇರಬೇಕಾದ ದಿಕ್ಕು. ಗೆರೆಯನ್ನು ಸುಣ್ಣದಲ್ಲೋ ರಂಗೋಲಿ ಪುಡಿಯಲ್ಲೋ ಎಳೆದಿಟ್ಟರೆ ಸಂಜೆ ಕತ್ತಲಾದ ಮೇಲೂ ಕಾಣುತ್ತದೆ. ಹೆಂಗಸರು ಕೇಳಿದರೆ ಬಿಡಾರದ ಮುಂದೆ ರಂಗೋಲಿ ಎನ್ನಿ.

5. ಕೇಬಲ್

ಎಫ್ ಕನೆಕ್ಟರ್ ಹಾಕುವಾಗ ಕಣ್ಣು ಹತ್ತಿರ ತಂದು ನೋಡಿ. ಕೇಬಲ್ ಸುಲಿದಾಗ ಹೊರಗೆ ಕೂದಲಿನಂಥ ತಂತಿಯ ಜಾಲರಿ, ಒಳಗೆ ಬಿಳಿ ಪ್ಲಾಸ್ಟಿಕ್, ನಟ್ಟನಡುವೆ ಒಂದು ತಾಮ್ರಬಣ್ಣದ ತಂತಿ ಕಾಣುತ್ತದೆ. ಆ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದರೂ ಶಾರ್ಟ್. ಎಳೆಗಳನ್ನೆಲ್ಲ ಹಿಂದಕ್ಕೆ ಮಡಚಿ, ಅದರ ಮೇಲೆ ಕನೆಕ್ಟರ್ ತಿರುಗಿಸಿ. ನಡುವಿನ ತಂತಿ ಕನೆಕ್ಟರ್‌ನ ಅಂಚಿನಿಂದ ಒಂದೆರಡು ಮಿಲಿಮೀಟರ್ ಮಾತ್ರ ಹೊರಗಿರಲಿ.

ಬಾಕ್ಸ್ ಆಫ್ ಮಾಡಿಯೇ ಕೇಬಲ್ ಸಿಕ್ಕಿಸಿ, ಬಿಚ್ಚಿ. ಮೂತಿಗೆ ಬೇಕಾದ 13 ಅಥವಾ 18 ವೋಲ್ಟ್ ಇದೇ ಕೇಬಲ್‌ನಲ್ಲಿ ಬಾಕ್ಸಿನಿಂದ ಹೋಗುತ್ತದೆ. ಆನ್ ಇದ್ದಾಗ ಕನೆಕ್ಟರ್ ಅಲ್ಲಿ ಇಲ್ಲಿ ತಾಗಿದರೆ ಬಾಕ್ಸ್ ಸುಡಬಹುದು. ಕೇಬಲ್ಲನ್ನು ಗಾಡಿಯ ಬಾಗಿಲಲ್ಲಿ ಜಜ್ಜಬೇಡಿ, ಕಿಟಕಿಯ ರಬ್ಬರ್ ಸಂದಿಯಿಂದ ತನ್ನಿ. ಜನ ಓಡಾಡುವ ಕಡೆ ನೆಲಕ್ಕೆ ಒತ್ತಿ ಮಣ್ಣು ಮುಚ್ಚಿ, ಇಲ್ಲದಿದ್ದರೆ ಯಾರೋ ಎಡವುತ್ತಾರೆ, ಡಿಶ್ ಮುಗ್ಗರಿಸುತ್ತದೆ.

6. ಹಿಡಿಸುವುದು

ಬಾಕ್ಸಿನ ಮೆನುವಿನಲ್ಲಿ ಎಲ್‌ಎನ್‌ಬಿ ಎಂಬಲ್ಲಿ 9750/10600 ಇದೆಯೇ ನೋಡಿ, ಉಪಗ್ರಹ ಜಿಸ್ಯಾಟ್-15 ಅಥವಾ ಡಿಡಿ ಫ್ರೀ ಡಿಶ್ ಎಂದಿರಲಿ. ಆಮೇಲೆ ಸಿಗ್ನಲ್ ಪುಟ ತೆರೆಯಿರಿ. ಅಲ್ಲಿ ಎರಡು ಪಟ್ಟಿ ಇರುತ್ತವೆ: ಸ್ಟ್ರೆಂತ್ ಮತ್ತು ಕ್ವಾಲಿಟಿ.

ಸ್ಟ್ರೆಂತ್ ಪಟ್ಟಿಯನ್ನು ನಂಬಬೇಡಿ. ಕೇಬಲ್ ಸರಿ ಇದೆ, ಮೂತಿಗೆ ಕರೆಂಟ್ ಹೋಗುತ್ತಿದೆ ಎಂಬುದಷ್ಟೇ ಅದರ ಅರ್ಥ. ಡಿಶ್ ಅನ್ನು ಹುಣಸೆ ಮರಕ್ಕೆ ಮುಖ ಮಾಡಿ ಇಟ್ಟರೂ ಅದು ಅರ್ಧಕ್ಕಿಂತ ಮೇಲೆ ತೋರಿಸುತ್ತದೆ. ನಮಗೆ ಬೇಕಾದದ್ದು ಕ್ವಾಲಿಟಿ. ಅದು ಸೊನ್ನೆಯಲ್ಲಿದ್ದರೆ ಇನ್ನೂ ಉಪಗ್ರಹ ಸಿಕ್ಕಿಲ್ಲ.

ಡಿಶ್‌ನ ಮುಖವನ್ನು ಗೆರೆಗಿಂತ ತುಸು ಎಡಕ್ಕೆ ಇಟ್ಟು ನಿಧಾನವಾಗಿ ಬಲಕ್ಕೆ ತಿರುಗಿಸುತ್ತ ಬನ್ನಿ. ನಿಧಾನ ಎಂದರೆ ಎಷ್ಟು? 60 ಸೆಂಟಿಮೀಟರ್ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ಆಯಿತು. ಅಷ್ಟು ಸರಿಸಿ, ಕೈಬಿಟ್ಟು, ಮನಸ್ಸಿನಲ್ಲಿ ಮೂರು ಎಣಿಸಿ. ಬಾಕ್ಸ್‌ಗೆ ಸಿಗ್ನಲ್ ಅರ್ಥವಾಗಲು ಎರಡು ಮೂರು ಸೆಕೆಂಡು ಬೇಕು. ಸರ್ರನೆ ತಿರುಗಿಸಿದರೆ ಉಪಗ್ರಹವನ್ನು ದಾಟಿ ಹೋಗಿರುತ್ತೀರಿ, ಅದು ನಿಮಗೂ ಗೊತ್ತಾಗುವುದಿಲ್ಲ, ಬಾಕ್ಸ್‌ಗೂ ಗೊತ್ತಾಗುವುದಿಲ್ಲ. ಒಬ್ಬರು ಒಳಗೆ ಕೂತು ಕ್ವಾಲಿಟಿಯ ಅಂಕಿ ಕೂಗಲಿ. "ಬಂತು, ಹೋಯಿತು" ಎಂದು ಕೂಗುವವರು ಬೇಡ, "ಮೂವತ್ತು, ನಲವತ್ತೈದು, ನಲವತ್ತು" ಎಂದು ಕೂಗುವವರು ಬೇಕು.

ಅಂಕಿ ಗರಿಷ್ಠ ಆದಲ್ಲಿ ನಿಲ್ಲಿಸಿ ಬೋಲ್ಟ್ ಬಿಗಿಯಿರಿ, ಎರಡೂ ಬದಿ ಸ್ವಲ್ಪ ಸ್ವಲ್ಪವಾಗಿ. ಒಂದೇ ಬದಿ ಪೂರ್ತಿ ಬಿಗಿದರೆ ಡಿಶ್ ಅದೇ ಕಡೆ ತಿರುಗಿಬಿಡುತ್ತದೆ.

ಮೊದಲ ಸಲ ಮನೆಯಲ್ಲಿ ಮಾಡುವಾಗ ಮೂತಿಯ ತಿರುಚನ್ನೂ ಇಲ್ಲೇ ಹುಡುಕಬೇಕು. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿಲ್ಲ, ಆಗ್ನೇಯದಲ್ಲಿದೆ. ಹಾಗಾಗಿ ಅಲ್ಲಿ ಲಂಬವಾಗಿ ಹೊರಟ ಅಲೆ ಇಲ್ಲಿಗೆ ಓರೆಯಾಗಿ ಬಂದು ಮುಟ್ಟುತ್ತದೆ, ಮೂತಿಯೂ ಅಷ್ಟೇ ಓರೆ ಇರಬೇಕು. ಕ್ವಾಲಿಟಿ ಒಂದಿಷ್ಟು ಬಂದ ಮೇಲೆ ಮೂತಿಯನ್ನು ಸ್ಕ್ರೂ ಸಡಿಲಿಸಿ ಎರಡೂ ಕಡೆ ತಿರುಚಿ ನೋಡಿ, ಅಂಕಿ ಏರುವ ಕಡೆಗೇ ಹೋಗಿ. ಕೆಲವು ವಾಹಿನಿ ಬಂದು ಕೆಲವು ಬರದಿದ್ದರೆ ನೂರಕ್ಕೆ ತೊಂಬತ್ತು ಪಾಲು ತಪ್ಪು ಇಲ್ಲಿಯೇ. ಜನ ಮಾತ್ರ ಬಾಕ್ಸ್ ಕೆಟ್ಟಿದೆ ಎಂದು ಹೊಸ ಬಾಕ್ಸ್ ತರುತ್ತಾರೆ.

ಕೊನೆಗೆ ಸ್ಕ್ಯಾನ್ ಕೊಡಿ. ಡಿಡಿ ಚಂದನ ಬಂದರೆ ಸರಿಯಾದ ಉಪಗ್ರಹವೇ. ಅಕ್ಕಪಕ್ಕದಲ್ಲಿ ಒಂದೂವರೆ ಎರಡು ಡಿಗ್ರಿ ಅಂತರದಲ್ಲೇ ಬೇರೆ ಉಪಗ್ರಹಗಳಿವೆ. ಗೊತ್ತಿಲ್ಲದ ವಾಹಿನಿಗಳ ಪಟ್ಟಿ ಬಂದರೆ ತುಸು ಅತ್ತಿತ್ತ ಸರಿಸಿ ಮತ್ತೆ ಹುಡುಕಿ.

7. ಕರೆಂಟು

12 ವೋಲ್ಟ್‌ನ 24 ಇಂಚಿನ ಎಲ್‌ಇಡಿ ಟಿವಿ ಸುಮಾರು 30 ವ್ಯಾಟ್ ತಿನ್ನುತ್ತದೆ, ಬಾಕ್ಸ್ ಮತ್ತು ಮೂತಿ ಸೇರಿ 10 ವ್ಯಾಟ್. 100 ಆಂಪಿಯರ್-ಅವರ್ ಬ್ಯಾಟರಿಯ ಅರ್ಧ ಮಾತ್ರ ಬಳಸಿದರೂ ಹದಿನೈದು ತಾಸು ನೋಡಬಹುದು. ಗಾಡಿ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಮಾತ್ರ ಇದಕ್ಕೆ ಬಳಸಬೇಡಿ, ಬೇರೆಯೇ ಇಡಿ. ರಾತ್ರಿ ಪಂದ್ಯ ಗೆದ್ದು ಬೆಳಗ್ಗೆ ಗಾಡಿ ನೂಕುವುದು ನಗೆಪಾಟಲು.

ಎಂಜಿನ್ ಓಡುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ಟಿವಿ, ಬಾಕ್ಸ್ ನೇರ ಸಿಕ್ಕಿಸಿದ್ದರೆ ಸುಡಬಹುದು. ನಡುವೆ 12 ವೋಲ್ಟ್‌ಗೆ ಕಟ್ಟಿಹಾಕುವ ಡಿಸಿ–ಡಿಸಿ ಕನ್ವರ್ಟರ್ ಇರಲಿ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಜನರೇಟರ್ ತರುವವರು ಅದನ್ನು ಗಾಡಿಯ ಒಳಗೆ, ಕೆಳಗೆ, ಕಿಟಕಿಯ ಪಕ್ಕ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

8. ಮಳೆ, ಸಿಡಿಲು, ಬಿಸಿಲು, ಮಂಗ

ಮೋಡಕ್ಕೆ ಚಿತ್ರ ಹೋಗುವುದಿಲ್ಲ, ದಪ್ಪ ಹನಿಯ ಜೋರು ಮಳೆಗೆ ಹೋಗುತ್ತದೆ. ಆಗ ಡಿಶ್ ಮುಟ್ಟಬೇಡಿ, ಮಳೆ ನಿಂತ ಮೇಲೆ ತಾನೇ ಬರುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಕೇಳಿದ ಕೂಡಲೇ ಬಾಕ್ಸ್ ಆಫ್ ಮಾಡಿ ಕೇಬಲ್ ಕಿತ್ತು ಗಾಡಿಯ ಹೊರಗೆ ಬಿಡಿ. ಗುಡುಗು ಹತ್ತಿರ ಬಂದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಮುಟ್ಟಲು ಹೊರಗೆ ಹೋಗಬಾರದು.

ಮಾರ್ಚ್ ನಡುವಿನಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆ ಅಕ್ಟೋಬರ್ ಮೊದಲಲ್ಲಿ, ಕೆಲವು ದಿನ ಬೆಳಗ್ಗೆ ಹನ್ನೊಂದರ ಆಸುಪಾಸು ಹತ್ತಾರು ನಿಮಿಷ ಚಿತ್ರ ಹೋದರೆ ಸ್ಪ್ಯಾನರ್ ಹುಡುಕಬೇಡಿ. ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನಿಗೆ ಬಂದು ನಿಂತಿರುತ್ತಾನೆ, ಅವನ ಸದ್ದಿನಲ್ಲಿ ಸಿಗ್ನಲ್ ಕೇಳಿಸುವುದಿಲ್ಲ. ಆ ಹೊತ್ತಿಗೆ ಡಿಶ್ ನೋಡಿದರೆ ಮೂತಿಯ ಕಡೆಗೇ ಬಿಸಿಲು ಕೂಡಿಬಿದ್ದಿರುತ್ತದೆ. ನೀವು ಹಿಡಿಸಿದ್ದು ಸರಿ ಎಂಬುದಕ್ಕೆ ಸೂರ್ಯನ ಸಾಕ್ಷಿ.

ಅಂಜನಾದ್ರಿಯ ಸುತ್ತ ಮುಖ್ಯ ವೈರಿ ಮಂಗ. ತೂಗಾಡುವ ಕೇಬಲ್ ಕಂಡರೆ ಅವಕ್ಕೆ ಅದು ಜೋಕಾಲಿ. ಕೇಬಲ್ಲನ್ನು ಸ್ಟ್ಯಾಂಡಿನ ಕಾಲಿಗೆ ಬಿಗಿಯಾಗಿ ಸುತ್ತಿ ಟೇಪ್ ಹಾಕಿ, ಬಾಳೆಹಣ್ಣಿನ ಚೀಲ ಡಿಶ್ ಹತ್ತಿರ ಇಡಬೇಡಿ.

9. ಬಿಚ್ಚುವಾಗ

ದಿಕ್ಕಿನ ಬೋಲ್ಟ್ ಮಾತ್ರ ಸಡಿಲಿಸಿ ಡಿಶ್ಶನ್ನು ಕಂಬದಿಂದ ಎತ್ತಿ. ಎತ್ತರದ ಬೋಲ್ಟ್, ಮೂತಿಯ ಸ್ಕ್ರೂ ಮುಟ್ಟಬೇಡಿ. ಅಕಸ್ಮಾತ್ ಅಲುಗಿದರೆ ನೇಲ್ ಪಾಲಿಶ್ ಗೆರೆ ಮತ್ತೆ ಕೂಡಿಸಿದರಾಯಿತು. ಮೂತಿಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಕಣಜ ಗೂಡು ಕಟ್ಟಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಡಿಶ್ಶನ್ನು ಹಾಸಿಗೆಗಳ ನಡುವೆ ನಿಲ್ಲಿಸಿ ಒಯ್ಯಿರಿ. ಮಲಗಿಸಿದರೆ ಯಾರಾದರೂ ಕೂತೇ ಕೂರುತ್ತಾರೆ, ಅಂಚು ಬೆರಳಿನಷ್ಟು ಬಾಗಿದರೂ ಕನ್ನಡಿ ಕೆಟ್ಟಂತೆ. ಮತ್ತೆ, ಜಾತ್ರೆಯಲ್ಲಿ ಪಕ್ಕದ ಗಾಡಿಯವರು ಮಂಡಕ್ಕಿ ಕಲಸಲು ಅಗಲವಾದ ತಟ್ಟೆ ಬೇಕೆಂದು ಕೇಳಿಕೊಂಡು ಬರುತ್ತಾರೆ. ಕೊಡಬೇಡಿ.